ಎಂಸಿಪಿ1700 ರೆಗ್ಯುಲೇಟರ್: ಎರೆ ಹೊಲದ ಸೆನ್ಸರ್‌ಗಳಲ್ಲಿ ಬಹಳ ದಿನ ಬಳಸಿದ ಮೇಲೆ

ಬಳಸಿದ ಮಾಲು: ಎಂಸಿಪಿ1700-3302ಇ, ಬ್ಯಾಟರಿಯ ವೋಲ್ಟೇಜನ್ನು ಸ್ಥಿರ 3.3 ವೋಲ್ಟ್‌ಗೆ ಇಳಿಸಿ ಕೊಡುವ ಚಿಪ್, ಮೂರು ಕಾಲಿನ ಟಿಒ-92 ಕವಚದ್ದು. ಬಳಸಿದ ಜಾಗ: ನವಲಗುಂದ ಕಡೆಯ ಎರೆ ಹೊಲಗಳಲ್ಲಿ ಮಣ್ಣಿನ ತೇವ, ಉಷ್ಣತೆ ಅಳೆಯುವ ಲೋರಾ ನೋಡ್‌ಗಳು (ಅಳೆದದ್ದನ್ನು ರೇಡಿಯೋದಲ್ಲಿ ದೂರಕ್ಕೆ ಕಳಿಸುವ ಬ್ಯಾಟರಿ ಘಟಕಗಳು), ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಒಳಗೂ ಕೆಲವು. ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಡಿಮೆ ಯಾಕೆಂದರೆ ಇದರ ಇನ್‌ಪುಟ್ ಮಿತಿ ಬರೀ 6 ವೋಲ್ಟ್.

ರೆಗ್ಯುಲೇಟರ್ ಕೊಳ್ಳುವಾಗ ಎಲ್ಲರೂ ಮೊದಲು ನೋಡುವುದು ಎಷ್ಟು ಆಂಪಿಯರ್ ಕೊಡುತ್ತದೆ ಎಂದು. ಬ್ಯಾಟರಿ ನೋಡ್‌ಗೆ ನೋಡಬೇಕಾದದ್ದು ಏನೂ ಕೆಲಸವಿಲ್ಲದಾಗ ಅದು ತಾನೇ ಎಷ್ಟು ತಿನ್ನುತ್ತದೆ ಎಂದು. ಅಗ್ಗದ ಬೋರ್ಡ್‌ಗಳ ಮೇಲೆ ಕೂತಿರುವ ಎಎಂಎಸ್1117 ರೆಗ್ಯುಲೇಟರ್ ಸುಮ್ಮನೆ ಕೂತೇ ಸುಮಾರು 5 ಮಿಲಿಆಂಪ್ ಎಳೆಯುತ್ತದೆ. 2500 ಎಂಎಎಚ್ (ಮಿಲಿಆಂಪ್-ಗಂಟೆ) ತುಂಬುವ 18650 ಲಿಥಿಯಂ-ಅಯಾನ್ ಸೆಲ್ಲು 500 ಗಂಟೆಯಲ್ಲಿ, ಅಂದರೆ ಮೂರು ವಾರದಲ್ಲಿ ಖಾಲಿ. ಎಂಸಿಪಿ1700 ತಿನ್ನುವುದು ಸಾಮಾನ್ಯವಾಗಿ 1.6 ಮೈಕ್ರೋಆಂಪ್, ಹೆಚ್ಚೆಂದರೆ 4. ವರ್ಷಕ್ಕೆ 14 ಎಂಎಎಚ್ ಆಯಿತು; ಅದಕ್ಕಿಂತ ಹೆಚ್ಚು ಸೆಲ್ಲು ತಾನೇ ಸೋರಿಕೊಳ್ಳುತ್ತದೆ.

ನೋಡ್‌ನ ಪೂರ್ತಿ ಲೆಕ್ಕ ಹೀಗಿದೆ. ನೋಡ್ ನಡೆಸುವ ಎಟಿಮೆಗಾ328ಪಿ ಚಿಪ್, ತನ್ನನ್ನು ಎಬ್ಬಿಸುವ ವಾಚ್‌ಡಾಗ್ ಟೈಮರ್ ಜೊತೆ ಮಲಗಿದಾಗ 4 ಮೈಕ್ರೋಆಂಪ್ ಚಿಲ್ಲರೆ, ಆರ್‌ಎಫ್‌ಎಂ95 ರೇಡಿಯೋ 0.2, ರೆಗ್ಯುಲೇಟರ್ 1.6. ಒಟ್ಟು 6 ಎಂದು ಹಿಡಿದರೆ ವರ್ಷಕ್ಕೆ 53 ಎಂಎಎಚ್. ಹದಿನೈದು ನಿಮಿಷಕ್ಕೊಮ್ಮೆ 0.2 ಸೆಕೆಂಡ್ ಕಾಲ 17 ಡಿಬಿಎಂ ಬಲದಲ್ಲಿ ಕಳಿಸಿದರೆ, 87 ಮಿಲಿಆಂಪ್ ಲೆಕ್ಕದಲ್ಲಿ, ವರ್ಷಕ್ಕೆ 170 ಎಂಎಎಚ್ ಆಸುಪಾಸು. ಆಮೇಲೆ ಯಾರೋ ಬ್ಯಾಟರಿ ಅಳೆಯಲೆಂದು ಎರಡು 100 ಕಿಲೋಓಮ್ ರೆಸಿಸ್ಟರ್ ಕಾಯಮ್ಮಾಗಿ ಜೋಡಿಸಿಬಿಡುತ್ತಾರೆ. ಅದೊಂದೇ 20 ಮೈಕ್ರೋಆಂಪ್, ಇಡೀ ನೋಡ್ ಮಲಗಿದಾಗ ತಿನ್ನುವುದರ ಮೂರು ಪಟ್ಟು! ಎರಡು 1 ಮೆಗಾಓಮ್ ಹಾಕಿ, ನಡುವಿನಿಂದ ಗ್ರೌಂಡ್‌ಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಕೊಡಿ. ಪವರ್ ಎಲ್‌ಇಡಿ ಕಿತ್ತು ಹಾಕಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಔಟ್‌ಪುಟ್ ಎಷ್ಟು ವೋಲ್ಟ್ ಇರಬೇಕು ಎಂಬಲ್ಲಿ ತಲೆ ಓಡಿಸಿ. ಮೂರು ಎಎ ಅಲ್ಕಲೈನ್ ಸೆಲ್ಲು ಹಾಕಿ 3.3 ವೋಲ್ಟ್ ಬೇಕೆಂದರೆ ಒಂದೊಂದು ಸೆಲ್ಲು 1.1 ವೋಲ್ಟ್‌ಗೆ ಇಳಿಯುತ್ತಲೇ ಆಟ ಮುಗಿಯಿತು. 2.5 ವೋಲ್ಟ್‌ನ ಎಂಸಿಪಿ1700-2502 ಹಾಕಿದರೆ 0.9ರವರೆಗೂ ಹಿಂಡಬಹುದು. ಆದರೆ ಎರಡು ತೊಡಕು. ಎಟಿಮೆಗಾ ಕೂತಿರುವ 3.3 ವೋಲ್ಟ್ ಪ್ರೊ ಮಿನಿ ಬೋರ್ಡ್‌ನ ಫ್ಯೂಸ್‌ನಲ್ಲಿ (ಚಿಪ್ ಒಳಗಿನ ಸೆಟ್ಟಿಂಗ್) ಬ್ರೌನ್‌ಔಟ್, ಅಂದರೆ ಯಾವ ವೋಲ್ಟೇಜ್ ಕೆಳಗೆ ಚಿಪ್ ನಿಲ್ಲಬೇಕೆಂಬ ಮಿತಿ, 2.7 ವೋಲ್ಟ್‌ಗೆ ಇರುತ್ತದೆ, ಅದನ್ನು 1.8ಕ್ಕೆ ಇಳಿಸದಿದ್ದರೆ ಚಿಪ್ ರಿಸೆಟ್‌ನಿಂದ ಹೊರಗೇ ಬರುವುದಿಲ್ಲ, ಮಂದಿ ರೆಗ್ಯುಲೇಟರ್ ಕೆಟ್ಟಿದೆ ಎನ್ನುತ್ತಾರೆ. ಇನ್ನೊಂದು ಡಿಎಸ್18ಬಿ20: ಮಣ್ಣಿನ ಉಷ್ಣತೆಗೆ ಎಲ್ಲರೂ ಹೂಳುವ ಆ ಸ್ಟೀಲ್ ಪ್ರೋಬ್‌ಗೆ ಕನಿಷ್ಠ 3.0 ವೋಲ್ಟ್ ಬೇಕು. ಅದು ಇದ್ದರೆ 3.3ರದ್ದೇ ತಗೊಳ್ಳಿ. ಲಿಥಿಯಂ-ಅಯಾನ್ ಸೆಲ್ಲಿಗೂ 3.3 ಸಾಕು, ಇಂಥ ಸಣ್ಣ ಲೋಡ್‌ಗೆ 3.4 ವೋಲ್ಟ್ ಕೆಳಗೆ ಅದರಲ್ಲಿ ಉಳಿದಿರುವುದು ಅಷ್ಟಕ್ಕಷ್ಟೆ.

ಹೆಚ್ಚಿನ ವೋಲ್ಟೇಜನ್ನು ಬಿಸಿಯಾಗಿ ಕಳೆಯದೆ ಸ್ವಿಚ್ ಮಾಡಿ ಇಳಿಸುವ ಬಕ್ ಕನ್ವರ್ಟರ್ ಹಾಕಿದರೆ ಲಾಭವಲ್ಲವೇ ಎಂದು ಕೇಳುವವರಿದ್ದಾರೆ. ಟಿಪಿಎಸ್62740 ಒಳ್ಳೆಯ ಚಿಪ್ಪೇ, ತಾನು ತಿನ್ನುವುದು 360 ನ್ಯಾನೋಆಂಪ್ ಅಷ್ಟೇ. ಆದರೆ 3.7ರಿಂದ 3.3ಕ್ಕೆ ಇಳಿಸುವಾಗ ಎಂಸಿಪಿ1700ರಂಥ ಲೀನಿಯರ್ ರೆಗ್ಯುಲೇಟರ್ ಸಹ 89 ಶೇಕಡಾ ದಕ್ಷತೆ ಕೊಡುತ್ತದೆ. ಉಳಿದ ಹತ್ತು ಶೇಕಡಾದ ಆಸೆಗೆ ಎರಡು-ಮೂರು ಮಿಲಿಮೀಟರ್‌ನ, ಕಾಲೇ ಕಾಣದ ಚಿಪ್ಪನ್ನು ಬೆಸುಗೆ ಹಾಕುವ ಉಸಾಬರಿ ಯಾಕೆ?

ಈಗ 6 ವೋಲ್ಟ್ ಮಿತಿಯ ವಿಷಯ. ನಾಲ್ಕು ಹೊಸ ಅಲ್ಕಲೈನ್ ಸೆಲ್ಲು 6.4 ವೋಲ್ಟ್ ತೋರಿಸುತ್ತವೆ, ಬೇಡ. 6 ವೋಲ್ಟ್ ಸೋಲಾರ್ ಪ್ಯಾನಲ್ ಲೋಡ್ ಇಲ್ಲದಾಗ 7 ದಾಟಬಹುದು, ನೇರ ಕೊಡಬೇಡಿ. ಮೂರನೆಯದು ಕಣ್ಣಿಗೇ ಬೀಳುವುದಿಲ್ಲ: ಉದ್ದ ವೈರಿನ ತುದಿಯಲ್ಲಿ 4.2 ವೋಲ್ಟ್ ಬ್ಯಾಟರಿ ಇದ್ದು, ಇನ್‌ಪುಟ್‌ನಲ್ಲಿ ಬರೀ ಸೆರಾಮಿಕ್ ಕೆಪಾಸಿಟರ್ ಇದ್ದರೆ, ಕನೆಕ್ಟರ್ ಚುಚ್ಚಿದ ಕ್ಷಣ ವೋಲ್ಟೇಜ್ ಸುಮಾರು ದುಪ್ಪಟ್ಟಿಗೆ ಜಿಗಿಯಬಹುದು. ವೈರಿನ ಇಂಡಕ್ಟನ್ಸ್ ಮತ್ತು ಆ ಕೆಪಾಸಿಟರ್ ಸೇರಿ ಮಾಡುವ ಕೆಲಸ ಅದು. ಇನ್‌ಪುಟ್‌ಗೆ ಒಂದು 47 ಮೈಕ್ರೋಫ್ಯಾರಡ್ ಎಲೆಕ್ಟ್ರೋಲೈಟಿಕ್ ಸೇರಿಸಿದರೆ ಅದರ ಒಳರೋಧವೇ ಜಿಗಿತವನ್ನು ತಡೆಯುತ್ತದೆ. 9 ಅಥವಾ 12 ವೋಲ್ಟ್ ಇನ್‌ಪುಟ್ ಇದ್ದರೆ 13.2 ತಡೆಯುವ ಎಂಸಿಪಿ1702 ನೋಡಿ.

5 ವೋಲ್ಟ್ ರೆಗ್ಯುಲೇಟರ್ 78ಎಲ್05 ಕಿತ್ತ ಜಾಗಕ್ಕೆ ಇದನ್ನು ಹಾಗೇ ಕೂರಿಸಬೇಡಿ. ಬರಹವಿರುವ ಚಪ್ಪಟೆ ಮುಖ ನಿಮ್ಮ ಕಡೆ ಇದ್ದಾಗ ಎಡದಿಂದ ಇದರ ಕಾಲುಗಳು ಗ್ರೌಂಡ್, ಇನ್, ಔಟ್; 78ಎಲ್05ರದ್ದು ಔಟ್, ಗ್ರೌಂಡ್, ಇನ್. ಎಚ್‌ಟಿ7333 ಎಂಬ ಇನ್ನೊಂದು ರೆಗ್ಯುಲೇಟರ್‌ನ ಟಿಒ-92 ಕಾಲುಗಳು ಎಂಸಿಪಿ1700ರಂತೆಯೇ ಇವೆ, ಅದು 4 ಮೈಕ್ರೋಆಂಪ್ ತಿನ್ನುತ್ತದೆ, 12 ವೋಲ್ಟ್ ತಡೆಯುತ್ತದೆ. ನಕಲಿ ಮಾಲಿನ ಕಾಟ ತಪ್ಪಿಸಿಕೊಂಡರೆ ಅದೂ ಆಗಬಹುದು.

ನಕಲಿ ಹಿಡಿಯುವುದು ಸುಲಭ. ಇನ್‌ಪುಟ್ ದಾರಿಯಲ್ಲಿ 1 ಕಿಲೋಓಮ್ ರೆಸಿಸ್ಟರ್, ಇನ್‌ಪುಟ್‌ಗೂ ಔಟ್‌ಪುಟ್‌ಗೂ 1 ಮೈಕ್ರೋಫ್ಯಾರಡ್, ಲೋಡ್ ಬೇಡ. ರೆಸಿಸ್ಟರ್ ಮೇಲಿನ ಒಂದು ಮಿಲಿವೋಲ್ಟ್ ಅಂದರೆ ಒಂದು ಮೈಕ್ರೋಆಂಪ್. 4ರೊಳಗೆ ಬಂದರೆ ಮಾಲು ಸರಿ, 50 ತೋರಿಸಿದರೆ ವಾಪಸ್ ಕಳಿಸಿ. ಇಡೀ ನೋಡ್ ಅಳೆಯುವಾಗ ಮಲ್ಟಿಮೀಟರ್‌ನ ಮೈಕ್ರೋಆಂಪ್ ರೇಂಜ್‌ಗೆ ನೇರ ಹೋಗಬೇಡಿ. ಅಗ್ಗದ ಮೀಟರ್ ಒಳಗೆ 100 ಓಮ್ ಇರುತ್ತದೆ, ರೇಡಿಯೋ ಎದ್ದ ಕೂಡಲೇ ವೋಲ್ಟೇಜ್ ಕುಸಿದು ಬೋರ್ಡ್ ರಿಸೆಟ್ ಆಗುತ್ತದೆ. ಮೀಟರ್ ತುದಿಗಳ ನಡುವೆ ಜಂಪರ್ ಹಾಕಿ ಶುರು ಮಾಡಿ, ನೋಡ್ ಮಲಗಿದ ಮೇಲೆ ಜಂಪರ್ ತೆಗೆಯಿರಿ.

ಇಷ್ಟು ಕಡಿಮೆ ತಿನ್ನುವ ರೆಗ್ಯುಲೇಟರ್ ಚುರುಕಲ್ಲ, ರೇಡಿಯೋ ದಿಢೀರನೆ ಎಳೆದಾಗ ಔಟ್‌ಪುಟ್ ಒಂದು ಗಳಿಗೆ ತಗ್ಗುತ್ತದೆ. ರೇಡಿಯೋ ಪಕ್ಕದಲ್ಲೇ 100 ಮೈಕ್ರೋಫ್ಯಾರಡ್ ಇರಲಿ. ವೈ-ಫೈ ಇರುವ ಇಎಸ್‌ಪಿ ಬೋರ್ಡ್‌ಗಳಿಗೆ ಮಾತ್ರ ಇದು ಸಲ್ಲದು: ಇದರ ಮಿತಿ 250 ಮಿಲಿಆಂಪ್, ಅವು ಕೆಲವೊಮ್ಮೆ 300 ದಾಟುತ್ತವೆ. ಅಲ್ಲಿಗೆ 600 ಮಿಲಿಆಂಪ್ ಕೊಟ್ಟು 2 ಮೈಕ್ರೋಆಂಪ್ ತಿನ್ನುವ ಆರ್‌ಟಿ9080 ರೆಗ್ಯುಲೇಟರ್ ಹಾಕಿ.

ಕೋಲ್ಡ್ ಸ್ಟೋರೇಜ್‌ನಲ್ಲಿ ಅಲ್ಕಲೈನ್ ಸೊರಗುತ್ತವೆ, 1.5 ವೋಲ್ಟ್‌ನ ಲಿಥಿಯಂ ಎಎ ಹಾಕಿ. ಹೊಸದಿದ್ದಾಗ ಒಂದೊಂದು 1.8 ಇರುತ್ತದೆ, ಮೂರಕ್ಕೆ 5.4, ಮಿತಿಯೊಳಗೇ ಆಯಿತು. ಧಾರವಾಡದ ಜಿಟಿಜಿಟಿ ಮಳೆಗಾಲಕ್ಕೆ ಬೆಸುಗೆಯಿಂದ ಬೋರ್ಡ್ ಮೇಲೆ ಉಳಿದ ಫ್ಲಕ್ಸ್ ಅನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಉಜ್ಜಿ ತೆಗೆದು ವಾರ್ನಿಷ್ ಬಳಿಯಿರಿ. ತೇವ ಹೀರಿದ ಫ್ಲಕ್ಸ್ ಬ್ಯಾಟರಿ ಅಳೆಯುವ ಆ 1 ಮೆಗಾಓಮ್ ಜೋಡಿಯ ಪಕ್ಕದಲ್ಲೇ ಕರೆಂಟಿಗೆ ದಾರಿ ಮಾಡಿಕೊಟ್ಟು, ತುಂಬಿದ ಬ್ಯಾಟರಿಯನ್ನೂ ಅರ್ಧ ಖಾಲಿ ಎಂದು ತೋರಿಸುತ್ತದೆ.