ಸಣ್ಣ ಬ್ಲೋವರ್ ಜೋರಾಗಿ ತಿರುಗಿಸೋದಾ, ದೊಡ್ಡದನ್ನೇ ಹಾಕೋದಾ: ಒಂದು ಜಿಪ್ಸಿ, ಎರಡು ಬೇಸಿಗೆ

ನವಲಗುಂದದ ಕಡೆ ಗೆಳೆಯನ ಹೊಲದ ದಾರಿಯಲ್ಲಿ ಗಾಡಿ ಓಡಿಸುತ್ತಿದ್ದೆ. ಪಕ್ಕದ ಹೊಲದ ಅಜ್ಜ ಬಂದು ಬಾನೆಟ್ ಮೇಲೆ ಕೈ ಇಟ್ಟು ಕೇಳಿದರು: "ಇದರೊಳಗ ಹಿಟ್ಟಿನ ಗಿರಣಿ ಇಟ್ಟೀರೇನ್ರಿ?"

ಅಜ್ಜನ ಊಹೆ ತೀರಾ ತಪ್ಪಲ್ಲ. ಒಳಗಿರೋದು ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕೋ ಬ್ಲೋವರ್; ಎಂಜಿನ್ನೇ ಬೆಲ್ಟ್ ಹಾಕಿ ಅದನ್ನು ತಿರುಗಿಸುತ್ತದೆ. ರೂಟ್ಸ್ ಜಾತಿಯ ಬ್ಲೋವರ್ ಒಳಗೆ ಎರಡು ರೋಟರ್ ಒಂದಕ್ಕೊಂದು ಹೊಂದಿಕೊಂಡು ತಿರುಗುತ್ತವೆ, ಕಬ್ಬಿನ ಗಾಣದ ಹಾಗೆ. ಆದರೆ ತಾಗುವುದಿಲ್ಲ. ನಡುವೆ ಕೂದಲೆಳೆಯಷ್ಟು ಸಂದು. ಅಮೆರಿಕದ ರೂಟ್ಸ್ ಅಣ್ಣತಮ್ಮಂದಿರು 1860ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಕಾರು ಅನ್ನೋದೇ ಇರಲಿಲ್ಲ. ಕುಲುಮೆಗೆ, ಗಣಿಗೆ ಗಾಳಿ ಊದೋಕೆ ಬಳಸುತ್ತಿದ್ದ ಯಂತ್ರ ಇದು.

ನನ್ನದು ಮಾರುತಿಯ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರೋ) ಜಿಪ್ಸಿ ಕಿಂಗ್. 1298 ಸಿಸಿ, 16 ವಾಲ್ವ್, ಕಂಪನಿ ಲೆಕ್ಕದಲ್ಲಿ 80 ಅಶ್ವಶಕ್ತಿ. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ, ಇಲ್ಲಿ ಗಾಳಿ ತೆಳು. ಹಾಗಾಗಿ ಆ 80ರಲ್ಲೂ ಒಂದಿಷ್ಟು ಸೋರಿ ಹೋಗುತ್ತದೆ. ಗಾಡಿ ಇರೋದು ಆಟೋಕ್ರಾಸ್‌ಗೆ, ಅಂದರೆ ಮಣ್ಣಿನ ಟ್ರ್ಯಾಕಿನಲ್ಲಿ ಗಡಿಯಾರದ ಎದುರು ಓಡೋ ಸ್ಪರ್ಧೆಗೆ, ಮಾತ್ರ. ಊರಿಂದ ಹೊಲಕ್ಕೆ ಲಾರಿ ಮೇಲೆ ಹೋಗುತ್ತದೆ. ನಗಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ಆರ್‌ಸಿಯಲ್ಲಿರೋ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಿಸಿ ರೋಡಿಗೆ ತರೋಕೆ ಆಗಲ್ಲ.

ಮೊದಲು ಹಾಕಿದ್ದು ಐಸಿನ್ ಎಎಂಆರ್500. ಒಂದು ಸುತ್ತಿಗೆ 500 ಸಿಸಿ ಗಾಳಿ ತಳ್ಳುವ ಪುಟ್ಟ ಬ್ಲೋವರ್. ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿ 120 ಮಿಲಿಮೀಟರ್, ಬ್ಲೋವರ್ ಪುಲ್ಲಿ 75. ಗೇಜಿನಲ್ಲಿ ಬೂಸ್ಟ್, ಅಂದರೆ ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ, 0.3 ಬಾರ್ ಹತ್ತಿರ ಬರುತ್ತಿತ್ತು. ಒಂದು ವರ್ಷ ಖುಷಿಯಾಗಿದ್ದೆ. ಆಮೇಲೆ ಎಲ್ಲರಿಗೂ ಬರೋ ಕಾಯಿಲೆ ನನಗೂ ಬಂತು. ಇನ್ನೂ ಸ್ವಲ್ಪ ಬೇಕು.

ಮುಂದೆ ಎರಡು ದಾರಿ ಇದ್ದವು. ಇದೇ ಬ್ಲೋವರಿಗೆ 60 ಮಿಲಿಮೀಟರ್ ಪುಲ್ಲಿ ಹಾಕಿ ಇನ್ನೂ ಜೋರಾಗಿ ತಿರುಗಿಸೋದು ಒಂದು. ಇದಕ್ಕಿಂತ ದೊಡ್ಡ ಬ್ಲೋವರ್, ಈಟನ್ ಎಂ45, ತಂದು ಕೂರಿಸೋದು ಇನ್ನೊಂದು. 45 ಅಂದರೆ ಒಂದು ಸುತ್ತಿಗೆ 45 ಘನ ಇಂಚು, ನಮ್ಮ ಲೆಕ್ಕದಲ್ಲಿ 737 ಸಿಸಿ. (ಟರ್ಬೋ ಹಾಕು ಅಂದವರೂ ಇದ್ದರು. ಬೇಡ ಅಂದೆ. ಅದು ಎಂಜಿನ್ ಹೊಗೆಯಿಂದ ತಿರುಗೋದು, ಸ್ವಲ್ಪ ಕಾಯಿಸುತ್ತದೆ. ಕಾಲಿಟ್ಟ ಕೂಡಲೇ ಎಳೆಯೋ ಗಾಡಿ ನನಗೆ ಬೇಕು.)

ಎರಡನ್ನೂ ಮಾಡಿದೆ. ಮೊದಲ ಬೇಸಿಗೆ ಸಣ್ಣ ಪುಲ್ಲಿ, ಎರಡನೇ ಬೇಸಿಗೆ ದೊಡ್ಡ ಬ್ಲೋವರ್. ಹೋಲಿಕೆ ಸರಿ ಇರಲಿ ಅಂತ ಎರಡಕ್ಕೂ ಒಂದೇ ಗಾಳಿಯ ಲೆಕ್ಕ ಇಟ್ಟೆ. ಎಂಜಿನ್ ತಾನಾಗಿ ಕ್ರ್ಯಾಂಕಿನ ಒಂದು ಸುತ್ತಿಗೆ 649 ಸಿಸಿ ಎಳೆಯುತ್ತದೆ, ಅಂದರೆ ತನ್ನ ಸಿಸಿಯ ಅರ್ಧ. ಎಎಂಆರ್500ಗೆ 60ರ ಪುಲ್ಲಿ ಹಾಕಿದರೆ ಕ್ರ್ಯಾಂಕಿನ ಎರಡರಷ್ಟು ವೇಗ, ಅಂದರೆ 1000 ಸಿಸಿ. ಎಂ45ಗೆ 88ರ ಪುಲ್ಲಿ ಮಾಡಿಸಿದೆ, ಅಲ್ಲೂ 1000 ಸಿಸಿಯೇ ಬಂತು. ಎಂಜಿನ್ 6500 ಆರ್‌ಪಿಎಂನಲ್ಲಿದ್ದಾಗ (ನಿಮಿಷಕ್ಕೆ ಅಷ್ಟು ಸುತ್ತು) ಸಣ್ಣದು 13,000 ತಿರುಗುತ್ತದೆ, ದೊಡ್ಡದು 9,000ಕ್ಕೂ ಕಡಿಮೆ.

ಗೇಜಿನಲ್ಲಿ ಎರಡೂ 0.5 ಬಾರ್ ಸುತ್ತಮುತ್ತ ತೋರಿಸಿದವು. ಹಾಗಿದ್ದರೆ ವ್ಯತ್ಯಾಸ ಏನು, ಅಲ್ವಾ? ಬ್ಲೋವರ್ ಬಾಯಿಗೆ ಒಂದು ಟೆಂಪರೇಚರ್ ಸೆನ್ಸರ್ ಹಾಕಿದ ಮೇಲೆ ಗೊತ್ತಾಯಿತು. ಎರಡು ವರ್ಷವೂ ಏಪ್ರಿಲ್ ಮಧ್ಯಾಹ್ನ, ಹೊರಗೆ 38 ಡಿಗ್ರಿ. ಸಣ್ಣದರಿಂದ ಹೊರಬಂದ ಗಾಳಿ 118 ಡಿಗ್ರಿ. ದೊಡ್ಡದರಿಂದ 100. ಬಿಸಿ ಗಾಳಿ ಹಿಗ್ಗುತ್ತದೆ, ಒತ್ತಡ ತೋರಿಸುತ್ತದೆ, ಆದರೆ ಒಳಗೆ ಆಮ್ಲಜನಕ ಕಡಿಮೆ. ಗೇಜ್ ಸುಳ್ಳು ಹೇಳಲಿಲ್ಲ, ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಸಣ್ಣ ಪುಲ್ಲಿಯ ಬೇಸಿಗೆಯಲ್ಲಿ ಮೊದಲ ಓಟ ಯಾವಾಗಲೂ ಹಬ್ಬ. ಮೂರನೇ ಗೇರಿನಲ್ಲಿ 2500ರಿಂದ 5500 ಆರ್‌ಪಿಎಂಗೆ ಹೋಗೋಕೆ ಬ್ಲೋವರ್ ಇಲ್ಲದಾಗ 9.4 ಸೆಕೆಂಡ್ ಹಿಡಿಯುತ್ತಿತ್ತು, ಈಗ 6.9. ಎರಡನೇ ಓಟಕ್ಕೆ 7.3. ಮೂರನೆಯದಕ್ಕೆ 7.8, ಜೊತೆಗೆ ತಗಡಿನ ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದ ಸದ್ದು. ನಾಕಿಂಗ್! ಬಿಸಿಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನೇ ಹೊತ್ತಿಕೊಳ್ಳೋ ಸದ್ದು. ಹಾಕಿದ್ದು 95 ಆಕ್ಟೇನ್ ಪೆಟ್ರೋಲೇ, ಆದರೂ. ಸದ್ದು ನಿಲ್ಲಿಸೋಕೆ ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸೋ ಹೊತ್ತು, ತಡ ಮಾಡಿದೆ. ಟೈಮಿಂಗ್ ಸರಿಸಿದ ಮೇಲೆ ಪುಲ್ಲಿ ಬದಲಿಸಿದ ಲಾಭದಲ್ಲಿ ಅರ್ಧ ಹೋಯಿತು.

ಬೆಲ್ಟಿನ ಕಾಟ ಬೇರೆ. 60 ಮಿಲಿಮೀಟರ್ ಪುಲ್ಲಿಯನ್ನು ಬೆಲ್ಟ್ ಅಪ್ಪಿಕೊಳ್ಳೋ ಜಾಗವೇ ಕಡಿಮೆ. 5000 ದಾಟಿದರೆ ಜಾರುತ್ತಿತ್ತು. ಬಿಗಿ ಮಾಡಿದರೆ ಬೇರಿಂಗ್ ಅಳುತ್ತಿತ್ತು. ಗೋಕುಲ ರೋಡ್ ಕಡೆಯ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದ ಮೊದಲ ಪುಲ್ಲಿ ಸುಮ್ನೆ ನೋಡಿದರೂ ಗೊತ್ತಾಗೋ ಹಾಗೆ ಓಲಾಡುತ್ತಿತ್ತು. ಎರಡು ಬೆಲ್ಟ್ ತಿಂದು ಹಾಕಿತು. ಅದೇ ಅಂಗಡಿಯ ಹಿರಿಯ ಮೇಸ್ತ್ರಿ ಕೂತು ಮತ್ತೆ ಮಾಡಿಕೊಟ್ಟರು, ಅದು ಇವತ್ತಿಗೂ ನೇರವಾಗಿದೆ.

ಎಂ45 ಬಂದದ್ದು ಗುಜರಿಯಿಂದ, ಹಳೇ ಮರ್ಸಿಡಿಸ್ ಕಂಪ್ರೆಸರ್ ಕಾರಿನದು. ಮಿನಿ ಕೂಪರ್ ಎಸ್‌ನದೂ ಸಿಗುತ್ತಿತ್ತು, ಬೇಡ ಅಂದೆ. ಆ ಮಿನಿಯಲ್ಲಿ ಬ್ಲೋವರಿನ ಹಿಂಬದಿಯಿಂದಲೇ ವಾಟರ್ ಪಂಪ್ ತಿರುಗುತ್ತದೆ. ಅದನ್ನು ಬಿಚ್ಚಿ ಮುಚ್ಚೋ ಕೆಲಸ ಯಾರಿಗೆ ಬೇಕು? ಬ್ಲೋವರಿಗೆ 28,000 ರೂಪಾಯಿ. ಅಗ್ಗ ಅನಿಸಿತು. ಆಮೇಲೆ ಬ್ರಾಕೆಟ್, ಪುಲ್ಲಿ, ಪೈಪು, ಇಂಟೇಕ್‌ಗೆ ಹೊಸ ಮ್ಯಾನಿಫೋಲ್ಡ್ ಅಂತ ಇನ್ನೂ 60,000 ಹೋಯಿತು. ಸಣ್ಣ ಪುಲ್ಲಿಗೆ ಒಟ್ಟು ಖರ್ಚಾಗಿದ್ದು 4,000. ಮನೆಯಲ್ಲಿ ಈ ಎರಡು ಅಂಕಿ ಒಟ್ಟಿಗೆ ಹೇಳಿಲ್ಲ.

ಕೂರಿಸೋ ಕೆಲಸವೂ ದೊಡ್ಡದು. ಜಿಪ್ಸಿಯ ಬಾನೆಟ್ ಕೆಳಗೆ ಜಾಗ ಧಾರಾಳ ಅಂತ ಎಲ್ಲರೂ ಹೇಳುತ್ತಾರೆ. ಅಳತೆ ಪಟ್ಟಿ ಹಿಡಿದಾಗ ಆ ಮಾತು ನಂಬಬೇಡಿ. ಬ್ಯಾಟರಿಯನ್ನು ಹಿಂದಕ್ಕೆ ಕಳಿಸಿದೆ. ಬ್ರಾಕೆಟ್ ಮೂರು ಸಲ ಮಾಡಿಸಿದೆ, ಯಾಕಂದರೆ ಈ ಭಾರಕ್ಕೆ ತೆಳು ಪ್ಲೇಟ್ ನಡುಗುತ್ತದೆ. ಬ್ರಾಕೆಟ್ ನಡುಗಿದರೆ ಬೆಲ್ಟ್ ಹಾರುತ್ತದೆ. ಇಸಿಯು (ಎಂಜಿನ್ನಿನ ಕಂಪ್ಯೂಟರ್) ಮಾತ್ರ ಸಣ್ಣ ಬ್ಲೋವರ್ ಕಾಲದ್ದೇ ಸಾಕಾಯಿತು. ಕಂಪನಿಯ ಮ್ಯಾಪ್ ಸೆನ್ಸರ್ (ಇಂಟೇಕ್ ಒತ್ತಡ ಅಳೆಯೋದು) ಬೂಸ್ಟ್ ಓದೋದಿಲ್ಲ ಅಂತ ಮೊದಲೇ ಬೇರೆ ಇಸಿಯು, ದೊಡ್ಡ ಇಂಜೆಕ್ಟರ್ ಹಾಕಿಸಿದ್ದೆ.

ಓಡಿಸಿದೆ. ಮೊದಲ ಓಟ 6.5 ಸೆಕೆಂಡ್. ಇಷ್ಟಕ್ಕೇನಾ ಇಷ್ಟೆಲ್ಲ ಅನಿಸಿತು. ಮೂರನೇ ಓಟ 6.7. ಐದನೆಯದೂ 6.7. ಅಲ್ಲಿ ನನ್ನ ದುಡ್ಡು ಕಂಡಿತು. ಟೈಮಿಂಗ್ ಮುಟ್ಟಲಿಲ್ಲ, ಕಡಲೆ ಸದ್ದಿಲ್ಲ, 88ರ ಪುಲ್ಲಿಯಲ್ಲಿ ಬೆಲ್ಟ್ ಜಾರಲಿಲ್ಲ.

ಆದರೆ ದೊಡ್ಡದು ಸೋಲೋ ಜಾಗ ಒಂದಿದೆ. ಅದೂ ಆಟೋಕ್ರಾಸ್‌ನಲ್ಲಿ ಮುಖ್ಯವಾದ ಜಾಗವೇ. ಕಡಿಮೆ ಆರ್‌ಪಿಎಂನಲ್ಲಿ ಎಂ45 ತೀರಾ ನಿಧಾನ ತಿರುಗುತ್ತದೆ. ರೋಟರಿನ ಸಂದು ಮಾತ್ರ ಅಷ್ಟೇ ಇರುತ್ತದೆ. ತಳ್ಳಿದ ಗಾಳಿಯಲ್ಲಿ ಸಣ್ಣದಕ್ಕಿಂತ ಹೆಚ್ಚು ಪಾಲು ಆ ಸಂದಿಯಿಂದ ವಾಪಸ್ ಬರುತ್ತದೆ. 2000 ಆರ್‌ಪಿಎಂನಲ್ಲಿ ಸಣ್ಣದು 0.35 ಬಾರ್ ಕೊಡುತ್ತಿತ್ತು, ದೊಡ್ಡದು 0.25. ಎರೆ ಮಣ್ಣಿನಲ್ಲಿ ಹೇರ್‌ಪಿನ್ ತಿರುವು ಸುತ್ತಿ ಎದ್ದು ಬರುವಾಗ ಈ ವ್ಯತ್ಯಾಸ ಬೆನ್ನಿಗೇ ಗೊತ್ತಾಗುತ್ತದೆ. ಸಣ್ಣದು ಕಚ್ಚಿ ಎಳೆಯುತ್ತಿತ್ತು, ದೊಡ್ಡದಕ್ಕೆ ಒಂದು ಉಸಿರು ಬೇಕು. ಒಂದೇ ನಿಮಿಷದ ಓಟ, ಆಮೇಲೆ ಅರ್ಧ ಗಂಟೆ ನೆರಳು ಸಿಗುತ್ತದೆ ಅನ್ನೋದಾದರೆ ನಾನು ಈಗಲೂ ಸಣ್ಣದನ್ನೇ ಹಾಕುತ್ತೇನೆ. ಅದೂ 60ರ ಪುಲ್ಲಿ ಅಲ್ಲ, ನಡುವಿನ 66 ಇರಬಹುದು. ದಿನವಿಡೀ ಓಡಿಸೋದಿದ್ದರೆ ದೊಡ್ಡದು, ಮರುಮಾತಿಲ್ಲ.

ಎಂ45 ಹಾಕಿದ ಎರಡು ತಿಂಗಳಿಗೆ ಕ್ಲಚ್ ಜಾರಿತು. ಅದನ್ನು ಬ್ಲೋವರ್ ಮೇಲೆ ಹಾಕೋದು ನ್ಯಾಯ ಅಲ್ಲ, ಕಂಪನಿಯ ಕ್ಲಚ್ ಇಷ್ಟು ಟಾರ್ಕಿಗೆ ಮಾಡಿದ್ದೇ ಅಲ್ಲ. ಸಣ್ಣದು ಇದ್ದಾಗ ಅದು ಉಳಿದದ್ದು ಬೆಲ್ಟ್ ಮೊದಲು ಜಾರುತ್ತಿದ್ದುದರಿಂದ ಅಂತ ನನ್ನ ಗುಮಾನಿ.

ಎಎಂಆರ್500 ಈಗ ಗದಗಿನ ಗೆಳೆಯನ ಹಳೇ ಮಾರುತಿ ಜೆನ್‌ಗೆ ಹೋಗಿದೆ, 75ರ ಪುಲ್ಲಿ ಸಮೇತ. 60ರದ್ದನ್ನು ಅವನು ಕೇಳಿದ, ಕೊಟ್ಟಿಲ್ಲ. ನನ್ನ ಕಡೆ ಸದ್ಯ ಉಳಿದಿರೋ ತಕರಾರು ಒಂದೇ: ಎಂ45ನ ಗೇರ್ ಆಯಿಲ್. ಬದಲಿಸೋಕೆ ಪ್ಲಗ್ ಬಿಚ್ಚಿದ ದಿನ ಆ ನಾತಕ್ಕೆ ಪಕ್ಕದ ಮನೆಯವರು ಬಂದು ಗ್ಯಾಸ್ ಸೋರ್ತದೇನ್ರಿ ಅಂತ ಕೇಳಿ ಹೋದರು.