ಸಿಲ್ಫ್ರಾದಲ್ಲಿ ಸ್ನಾರ್ಕೆಲಿಂಗಾ, ಡೈವಿಂಗಾ?

ಐಸ್‌ಲ್ಯಾಂಡಿನ ಥಿಂಗ್‌ವೆಲ್ಲಿರ್‌ನಲ್ಲಿರುವ ಸಿಲ್ಫ್ರಾ ಎಂಬ ನೀರು ತುಂಬಿದ ನೆಲದ ಬಿರುಕಿಗೆ ಹೋಗುವವರಿಗೆ ಮೊದಲು ಕಾಡುವ ಪ್ರಶ್ನೆ ಇದೇ ಅಲ್ವಾ?

ನನ್ನ ಕೇಳಿದರೆ, ಹೆಚ್ಚಿನವರಿಗೆ ಸ್ನಾರ್ಕೆಲಿಂಗೇ ಸರಿ, ಅಂದರೆ ಮಾಸ್ಕ್, ಉಸಿರಾಟದ ಕೊಳವೆ ಹಾಕಿಕೊಂಡು ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು. ಅಲ್ಲಿನ ನೀರು ಲಾಂಗ್‌ಯೋಕುಲ್ ಹಿಮನದಿಯಿಂದ ಕರಗಿ, ಲಾವಾ ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಹತ್ತಾರು ವರ್ಷ ಸೋಸಿಕೊಂಡು ಬರುತ್ತದೆ, ಹಾಗಾಗಿ ಮೇಲೆ ತೇಲುತ್ತಿದ್ದರೂ ತಳದ ಬಂಡೆಗಳು ಕೈಗೆ ಸಿಗುವ ಹಾಗೆ ಕಾಣುತ್ತವೆ. 100 ಮೀಟರ್‌ವರೆಗೂ ನೋಟ ಹರಿಯುತ್ತದೆ. ನೀರು ಮೆಲ್ಲಗೆ ಮುಂದೆ ಒಯ್ಯುತ್ತದೆ, ಸುಮ್ನೆ ತೇಲಿದರೆ ಸಾಕು. ಈಜು ಬರಬೇಕು, ಡೈವಿಂಗ್ ಸರ್ಟಿಫಿಕೇಟ್ ಬೇಡ.

ಗಾಳಿಯ ಸಿಲಿಂಡರ್ ಹೊತ್ತು ನೀರೊಳಗೆ ಇಳಿಯುವ ಡೈವಿಂಗ್ ಬೇರೆ ಮಾತು. ವರ್ಷವಿಡೀ ನೀರು 2ರಿಂದ 4 ಡಿಗ್ರಿ. ಡ್ರೈಸೂಟ್ (ಒಳಗೆ ನೀರು ಬಿಡದ ಉಡುಪು) ತರಬೇತಿ ಅಥವಾ ಅದರಲ್ಲಿ ಡೈವ್ ಮಾಡಿದ ದಾಖಲೆ ಕೇಳುತ್ತಾರೆ. ನೇತ್ರಾಣಿಯ ಬೆಚ್ಚಗಿನ ನೀರಿನಲ್ಲಿ ಕಲಿತು ಬಂದವರಿಗೆ ಇಲ್ಲೇ ತೊಡಕು, ಏಕೆಂದರೆ ಡ್ರೈಸೂಟ್ ಒಳಗಿನ ಗಾಳಿ ಕಾಲಿನ ಕಡೆಗೆ ಹೋದರೆ ತಲೆಕೆಳಗಾಗಿಬಿಡಬಹುದು, ಅದನ್ನು ಸರಿ ಮಾಡೋದು ಅಭ್ಯಾಸದಿಂದಲೇ ಬರಬೇಕು. ಆಳದ ಮಿತಿ 18 ಮೀಟರ್. ಆದರೆ ಎರಡೂ ಕಡೆ ಕಪ್ಪು ಗೋಡೆ, ನಡುವೆ ನೀವು, ತಲೆ ಮೇಲೆ ನೀಲಿ ಬೆಳಕು: ಆ ಅನುಭವ ಮೇಲೆ ತೇಲುವವರಿಗೆ ಸಿಗಲ್ಲ.

ಮೀನು ನೋಡುವ ಆಸೆ ಜಾಸ್ತಿ ಇದ್ದರೆ ಎರಡೂ ಬೇಡ, ಇಲ್ಲಿ ಮೀನು ಅಪರೂಪ.

ಚಳಿ ಇಬ್ಬರಿಗೂ ಒಂದೇ. ಡ್ರೈಸೂಟ್ ಇರುವುದರಿಂದ ಮೈ ಒದ್ದೆಯಾಗಲ್ಲ, ಆದರೆ ತುಟಿ ಮರಗಟ್ಟುತ್ತದೆ, ಗ್ಲೌಸ್ ಒಳಗೆ ನೀರು ಹೋಗಿ ಬೆರಳು ನೋಯುತ್ತದೆ. ಇನ್ನೊಂದು ವಿಷಯ, ಡೈವ್ ಮಾಡಿದ ಸ್ವಲ್ಪ ಹೊತ್ತಿಗೇ ವಿಮಾನ ಹತ್ತುವುದು ದೇಹಕ್ಕೆ ಅಪಾಯ, ಹಾಗಾಗಿ ಮರುದಿನ ಬೆಳಿಗ್ಗೆಯೇ ವಿಮಾನ ಇದ್ದರೆ ಡೈವಿಂಗ್ ಬಿಟ್ಟು ಸ್ನಾರ್ಕೆಲಿಂಗ್ ಮಾಡಿ.