ಲಿವರ್‌ಗೆ ಅಂತ ಮಾರೋ ಗಿಡಮೂಲಿಕೆ ಮಾತ್ರೆ, ಪುಡಿ, ಕ್ಯಾಪ್ಸೂಲ್: ನಮ್ಮನೆಗೆ ಬಂದ ನಾಲ್ಕರ ಬಗ್ಗೆ

ಫ್ಯಾಟಿ ಲಿವರ್, ಅಂದ್ರೆ ಲಿವರಲ್ಲಿ ಕೊಬ್ಬು ಸೇರಿದೆ ಅಂತ ಸ್ಕ್ಯಾನಿಂಗ್ ರಿಪೋರ್ಟಲ್ಲಿ ಬರೋದೇ ತಡ, ಮನೆಗೆ ಡಬ್ಬಿಗಳು ಬರೋಕೆ ಶುರು ಆಗುತ್ತೆ. ನಮ್ಮನೆಯವರಿಗೆ ಗ್ರೇಡ್ ಒನ್, ಅಂದ್ರೆ ಶುರುವಿನ ಹಂತ ಅಂತ ಬಂತು, ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರೋ ಎನ್‌ಜೈಮ್) ಎಂಬತ್ತರ ಹತ್ರ ಇತ್ತು, ಕುಡಿಯೋ ಅಭ್ಯಾಸ ಇಲ್ಲ, ದಿನಾ ಕೂತು ಮಾಡೋ ಕೆಲಸ, ಶುಗರ್ ಬಾರ್ಡರಲ್ಲಿದೆ. ನಾದಿನಿ ಲಿವ್.52 ತಂದ್ಕೊಟ್ಟಳು, ಅವರ ಆಫೀಸ್ ಫ್ರೆಂಡು ಮಿಲ್ಕ್ ಥಿಸಲ್ ತಗೋ ಅಂದ್ರು, ಅತ್ತೆ ಊರಿಂದ ನೆಲನೆಲ್ಲಿ ಪುಡಿ ಕಳ್ಸಿದ್ರು, ಇವರೇ ಫೋನಲ್ಲಿ ಜಾಹೀರಾತು ನೋಡಿ ಒಂದು ಲಿವರ್ ಡಿಟಾಕ್ಸ್ ಡಬ್ಬಿ ಆರ್ಡರ್ ಮಾಡಿದ್ರು. ನಾಲ್ಕೂ ಗಿಡಮೂಲಿಕೆನೇ, ಆದ್ರೆ ನಾಲ್ಕೂ ಒಂದೇ ಅಲ್ಲ. ನನ್ನ ಪ್ರಕಾರ ನೋಡ್ಬೇಕಾದ್ದು ಗಿಡದ ಹೆಸರಲ್ಲ, ಆ ಗಿಡ ಎಷ್ಟು ಮಿಲಿಗ್ರಾಂ ಇದೆ, ಬರೀ ಪುಡಿನೋ ಅದರಿಂದ ತೆಗೆದ ಸಾರನೋ (ಎಕ್ಸ್‌ಟ್ರಾಕ್ಟ್) ಅನ್ನೋದು. ಅದನ್ನ ಬರೀದೇ ಇರೋ ಡಬ್ಬಿ ಎಷ್ಟು ಚೆನ್ನಾಗಿದ್ರೂ ಮನೆಗೆ ಬೇಡ.

ಮೊದಲು ಲಿವ್.52, ಯಾಕಂದ್ರೆ ಇದು ಗೊತ್ತಿಲ್ಲದ ಮನೆನೇ ಇಲ್ಲ. 1955ರಿಂದ ಬರ್ತಿರೋ ಮಾತ್ರೆ, ಹಿಮಾಲಯ ಕಂಪನಿದು, ಆ ಕಂಪನಿ 1930ರಲ್ಲಿ ಡೆಹ್ರಾಡೂನಲ್ಲಿ ಶುರು ಆಗಿದ್ದು, ಈಗ ನಮ್ಮ ತುಮಕೂರು ರಸ್ತೆ ಮಾಕಳಿಲೇ ಇದೆ. ಇದರಲ್ಲಿ ನಂಗೆ ಇಷ್ಟ ಆಗಿದ್ದು ಲೇಬಲ್ಲು, ಪ್ರತಿಯೊಂದೂ ಬಿಡಿಸಿ ಬರ್ದಿದ್ದಾರೆ: ಹಿಂಸ್ರ 65 ಮಿಲಿಗ್ರಾಂ, ಕಾಸನಿ 65, ಮಂಡೂರ ಭಸ್ಮ 33, ಕಾಕಮಾಚಿ 32, ಅರ್ಜುನ 32, ಉಳಿದ ಮೂರು ಹದಿನಾರು ಹದಿನಾರು. ಕಾಕಮಾಚಿ ಅಂದ್ರೆ ನಮ್ಮ ಗಣಿಕೆ ಸೊಪ್ಪು, ಅರ್ಜುನ ಅಂದ್ರೆ ಹೊಳೆಮತ್ತಿ, ಕಾಸನಿ ಅಂದ್ರೆ ಚಿಕೋರಿ ಗಿಡ, ಹೌದು, ಫಿಲ್ಟರ್ ಕಾಫಿ ಪುಡಿಗೆ ಬೆರೆಸ್ತಾರಲ್ಲ ಅದೇ ಗಿಡ, ಕಾಫಿಗೆ ಅದರ ಬೇರು ಹುರಿದು ಹಾಕ್ತಾರೆ. ಮಂಡೂರ ಭಸ್ಮ ಮಾತ್ರ ಗಿಡ ಅಲ್ಲ, ಕಬ್ಬಿಣದ ಭಸ್ಮ. ಪೂರ್ತಿ ಗಿಡಮೂಲಿಕೆದೇ ಬೇಕು ಅನ್ನೋರು, ಮೈಯಲ್ಲಿ ಕಬ್ಬಿಣದ ಅಂಶ ಈಗಾಗ್ಲೇ ಜಾಸ್ತಿ ಇರೋರು ಇದನ್ನ ಗಮನಿಸ್ಬೇಕು. ಡಿಎಸ್ ಅಂತ ಇನ್ನೊಂದು ಬರುತ್ತೆ, ಅದು ಡಬಲ್ ಸ್ಟ್ರೆಂತ್.

ಇವರು ತಗೊಂಡಾಗ ಹೊಟ್ಟೆಗೆ ಏನೂ ತೊಂದರೆ ಆಗ್ಲಿಲ್ಲ, ಹಸಿವು ಸ್ವಲ್ಪ ಚೆನ್ನಾಗಾಯ್ತು ಅಂದ್ರು, ತೂಕ ಇಳಿಸ್ಬೇಕಾದೋರಿಗೆ ಹಸಿವು ಜಾಸ್ತಿ ಆಗೋದು ಬೇಕಾ ಅನ್ನೋದು ಬೇರೆ ಪ್ರಶ್ನೆ. ಬೆಲೆಲಿ ನಾಲ್ಕರಲ್ಲಿ ಮಾತ್ರೆ ಲೆಕ್ಕಕ್ಕೆ ಇದೇ ಅಗ್ಗ, ಎಲ್ಲಾ ಮೆಡಿಕಲ್ಲಲ್ಲೂ ಸಿಗುತ್ತೆ. ಆದ್ರೆ ಒಂದು ವಿಷಯ ಎಲ್ರಿಗೂ ಹೇಳ್ಬೇಕು, ಜಾಸ್ತಿ ಜನ ಇದನ್ನ ತಗೊಳೋದು ಕುಡಿತದ ಜೊತೆಗೆ, ವಾರ ಪೂರ್ತಿ ಕುಡಿದು ಎರಡು ಮಾತ್ರೆ ನುಂಗಿದ್ರೆ ಸರಿಹೋಗುತ್ತೆ ಅನ್ನೋ ನಂಬಿಕೆ ಊರಲ್ಲೆಲ್ಲಾ ಇದೆ. ಕುಡಿತದಿಂದ ಲಿವರ್ ಹಾಳಾದೋರ ಮೇಲೆ ಶ್ರೀಲಂಕಾದಲ್ಲಿ ಮಾಡಿದ ಒಂದು ಪರೀಕ್ಷೆ 2003ರಲ್ಲಿ ಪ್ರಕಟ ಆಗಿದೆ, ಆರು ತಿಂಗಳು ಲಿವ್.52 ತಗೊಂಡೋರಿಗೂ ಔಷಧಿ ಇಲ್ಲದ ಖಾಲಿ ಮಾತ್ರೆ ತಗೊಂಡೋರಿಗೂ ಹೇಳ್ಕೊಳೋ ಅಂಥ ವ್ಯತ್ಯಾಸ ಇರ್ಲಿಲ್ಲ. ಕುಡಿಯೋರಿಗೆ ಇದು ಗುರಾಣಿ ಅಲ್ಲವೇ ಅಲ್ಲ. ದಯವಿಟ್ಟು ಆ ಧೈರ್ಯದಲ್ಲಿ ಯಾರೂ ಕುಡಿಬೇಡಿ.

ಮಿಲ್ಕ್ ಥಿಸಲ್ ವಿಷಯಕ್ಕೆ ಬಂದ್ರೆ ಇದು ನಮ್ಮ ಕಡೆ ಗಿಡ ಅಲ್ಲ, ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಬೆಳೆಯೋ ಮುಳ್ಳಿನ ಗಿಡ, ನೇರಳೆ ಹೂವು, ಎಲೆ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಗೆರೆ. ಬೀಜದಿಂದ ತೆಗೆಯೋ ಸಾರಕ್ಕೆ ಸಿಲಿಮರಿನ್ ಅಂತಾರೆ. ನಮ್ಮ ಡಾಕ್ಟರ್‌ಗಳೂ 70, 140 ಮಿಲಿಗ್ರಾಂ ಮಾತ್ರೆಯಾಗಿ ಬರ್ಕೊಡ್ತಾರೆ. ಯುರೋಪಲ್ಲಿ ವಿಷದ ಅಣಬೆ ತಿಂದು ಲಿವರ್ ಕೆಟ್ಟೋರಿಗೆ ಇದರದ್ದೇ ಒಂದು ಅಂಶನ ಡ್ರಿಪ್‌ನಲ್ಲಿ ಕೊಡ್ತಾರೆ, ಅಂದ್ರೆ ಸುಮ್ನೆ ಗಾಳಿಮಾತಿನ ಗಿಡ ಅಲ್ಲ. ಹಾಗಂತ ಎಲ್ಲಾ ಲಿವರ್ ಕಾಯಿಲೆಗೂ ಆಗುತ್ತೆ ಅಂತಾನೂ ಅಲ್ಲ. ಹೆಪಟೈಟಿಸ್ ಸಿ ಇದ್ದ 154 ಜನರ ಮೇಲೆ ಅಮೆರಿಕಾದಲ್ಲಿ ಮಾಡಿ 2012ರಲ್ಲಿ ಪ್ರಕಟಿಸಿದ ಪರೀಕ್ಷೆಲಿ ಮಾಮೂಲಿಗಿಂತ ಜಾಸ್ತಿ ಡೋಸ್ ಕೊಟ್ರೂ ಎಸ್‌ಜಿಪಿಟಿ ಇಳಿಯೋದ್ರಲ್ಲಿ ಖಾಲಿ ಮಾತ್ರೆಗಿಂತ ಏನೂ ಹೆಚ್ಚಿಗೆ ಆಗ್ಲಿಲ್ಲ.

ಆನ್‌ಲೈನಲ್ಲಿ ಕೊಳ್ಳುವಾಗ ಮೋಸ ಹೋಗೋದು ಇಲ್ಲೇ. ಡಬ್ಬಿ ಮುಂದೆ ದೊಡ್ಡದಾಗಿ ಮಿಲ್ಕ್ ಥಿಸಲ್ 1000 ಮಿಲಿಗ್ರಾಂ ಅಂತ ಇರುತ್ತೆ, ತಿರುಗಿಸಿ ನೋಡಿದ್ರೆ ಅದು ಬರೀ ಬೀಜದ ಪುಡಿ, ಸಾರ ಅಲ್ಲ. ಸಾರ ಆದ್ರೆ ಎಷ್ಟು ಪರ್ಸೆಂಟ್ ಸಿಲಿಮರಿನ್ ಅಂತ ಬರ್ದಿರ್ಬೇಕು, ಒಳ್ಳೇ ಸಾರದಲ್ಲಿ ಎಪ್ಪತ್ತರಿಂದ ಎಂಬತ್ತು ಪರ್ಸೆಂಟ್ ಇರುತ್ತೆ. ಅದನ್ನ ಮಿಲಿಗ್ರಾಂ ಜೊತೆ ಗುಣಿಸಿದ್ರೆ ನಿಜವಾಗ್ಲೂ ಹೊಟ್ಟೆಗೆ ಹೋಗೋದು ಎಷ್ಟು ಅಂತ ಗೊತ್ತಾಗುತ್ತೆ, 200 ಮಿಲಿಗ್ರಾಂ ಸಾರದಲ್ಲಿ 70 ಪರ್ಸೆಂಟ್ ಇದ್ರೆ 140. ಡಾಕ್ಟರ್ ಬರ್ಕೊಟ್ಟ ಮಾತ್ರೆಲಿ ಈ ಲೆಕ್ಕದ ತಲೆನೋವೇ ಇಲ್ಲ, ಆಮೇಲೆ ನಾವು ಅದನ್ನೇ ತಂದ್ವಿ. ಇದು ಸೇವಂತಿಗೆ ಜಾತಿ ಗಿಡ, ಸೇವಂತಿಗೆ, ಚೆಂಡು ಹೂವು ಮುಟ್ಟಿದ್ರೆ ಅಲರ್ಜಿ ಆಗೋರು ಮೊದಲೇ ಡಾಕ್ಟರ್ ಹತ್ರ ಹೇಳಿ. ಶುಗರ್ ಮಾತ್ರೆ ತಗೊಳೋರೂ ಹೇಳಿ, ಶುಗರ್ ಸ್ವಲ್ಪ ಇಳಿಸಬಹುದು. ಕೆಲವರಿಗೆ ಭೇದಿ ಆಗುತ್ತೆ, ಇವರಿಗೆ ಆಗ್ಲಿಲ್ಲ.

ನೆಲನೆಲ್ಲಿ ಬಗ್ಗೆ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ಇದು ನಮ್ಮ ಅಂಗಳದ ಗಿಡ. ಕಾಮಾಲೆ ಅಂದ್ರೆ ಊರಲ್ಲಿ ಮೊದಲು ನೆನಪಾಗೋದು ಇದೇ, ಬೇರು ಸಮೇತ ಕಿತ್ತು ಅರೆದು ಮಜ್ಜಿಗೆಲೋ ಹಾಲಲ್ಲೋ ಕಲಸಿ ಬೆಳಗ್ಗೆ ಖಾಲಿ ಹೊಟ್ಟೆಗೆ ಕೊಡೋದು, ಉಪ್ಪು ಖಾರ ಎಣ್ಣೆ ಬಿಡಿಸೋದು. ತುಂಬಾ ಜನಕ್ಕೆ ವಾಸಿ ಆಗಿದೆ, ಅದು ಸುಳ್ಳಲ್ಲ. ಆದ್ರೆ ನೀರಿಂದ ಬರೋ ಹೆಪಟೈಟಿಸ್ ಎ ಕಾಮಾಲೆ ಜಾಸ್ತಿ ಜನಕ್ಕೆ ಕೆಲವು ವಾರದಲ್ಲಿ ತಾನಾಗೇ ಹೋಗುತ್ತೆ, ಔಷಧಿ ಕೊಟ್ರೂ ಹೋಗುತ್ತೆ ಕೊಡದಿದ್ರೂ ಹೋಗುತ್ತೆ, ಅದಕ್ಕೇ ನಾಟಿ ಔಷಧಿ ಕೊಡೋರ ಹೆಸರು ಊರೂರಲ್ಲಿ ಬೆಳೆದಿರೋದು. ತೊಂದರೆ ಆಗೋದು ಕಾಮಾಲೆ ಬೇರೆ ಕಾರಣಕ್ಕೆ ಬಂದಾಗ, ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರುತ್ತೆ, ಇಲ್ಲ ಗರ್ಭಿಣಿಗೆ ಹೆಪಟೈಟಿಸ್ ಇ ಬಂದಿರುತ್ತೆ, ಆಗ ಪಥ್ಯ ಮಾಡಿಸ್ಕೊಂಡು ಮನೇಲಿ ಕೂತ್ರೆ ಜೀವಕ್ಕೇ ಅಪಾಯ.

ನೆಲನೆಲ್ಲಿ ಒಂದ್ಸಲ ಪ್ರಪಂಚಕ್ಕೇ ದೊಡ್ಡ ಸುದ್ದಿ ಆಗಿತ್ತು. ಮದ್ರಾಸಿನ ಸಂಶೋಧಕರು, ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು ನೊಬೆಲ್ ತಗೊಂಡ ಬ್ಲಂಬರ್ಗ್ ಜೊತೆ ಸೇರಿ 1988ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಬರೆದ್ರು, ನೆಲನೆಲ್ಲಿ ಕೊಟ್ಟ ನೂರಕ್ಕೆ 59 ಜನರಲ್ಲಿ ಹೆಪಟೈಟಿಸ್ ಬಿ ಗುರುತು ರಕ್ತದಿಂದ ಮಾಯ ಆಯ್ತು, ಖಾಲಿ ಔಷಧಿ ಕೊಟ್ಟೋರಲ್ಲಿ ನೂರಕ್ಕೆ ನಾಲ್ಕೇ. ಎಷ್ಟು ಖುಷಿ ಪಟ್ಟಿರ್ಬೇಕು ಎಲ್ರೂ! ಆದ್ರೆ ಆಮೇಲೆ ಬೇರೆ ಕಡೆ ಮಾಡಿದ ಪರೀಕ್ಷೆಗಳಲ್ಲಿ ಆ ಫಲಿತಾಂಶ ಮತ್ತೆ ಸಿಗ್ಲಿಲ್ಲ. ನಂಗೆ ಇದು ನಿಜಕ್ಕೂ ಬೇಜಾರಿನ ವಿಷಯ, ನಮ್ಮ ಗಿಡ ಗೆಲ್ಲಬೇಕಿತ್ತು ಅಂತ ಮನಸ್ಸು ಅನ್ನುತ್ತೆ, ಆದ್ರೂ ಇರೋದನ್ನ ಇದ್ದ ಹಾಗೆ ಹೇಳ್ಬೇಕಲ್ವಾ.

ಪುಡಿ ಕೊಳ್ಳೋರಿಗೆ ಇನ್ನೊಂದು ಮಾತು. ನೆಲನೆಲ್ಲಿ ತರಾನೇ ಕಾಣೋ ಜಾತಿಗಳು ಹಲವಾರಿವೆ. ಬೆಂಗಳೂರಿನ ಸಂಶೋಧಕರು ದಕ್ಷಿಣ ಭಾರತದ 25 ಅಂಗಡಿಗಳಿಂದ ಒಣಗಿದ ಗಿಡ ತಂದು ಡಿಎನ್‌ಎ ನೋಡಿ 2010ರಲ್ಲಿ ಬರೆದಿದ್ದಾರೆ, ಸುಮಾರು ಮುಕ್ಕಾಲು ಭಾಗ ಅಂಗಡಿಲಿ ಸರಿಯಾದ ಗಿಡಾನೇ ಇತ್ತು, ಉಳಿದ ಕಡೆ ಅದೇ ಕುಲದ ಬೇರೆ ಬೇರೆ ಜಾತಿ. ಗಿಡವಾಗೇ ತಂದ್ರೆ ಎಲೆ ಕಾಯಿ ನೋಡಿ ಹಳಬರು ಗುರುತು ಹಿಡೀತಾರೆ, ಪುಡಿ ಆದ್ಮೇಲೆ ಯಾರಿಗೂ ಗೊತ್ತಾಗಲ್ಲ. ಅತ್ತೆ ಕಳ್ಸಿದ್ದು ತೋಟದ್ದು, ಅವರೇ ನೆರಳಲ್ಲಿ ಒಣಗಿಸಿ ಕುಟ್ಟಿದ್ದು, ಹಾಗಾಗಿ ನಂಬಿಕೆ ಇತ್ತು, ಇವರು ಮಜ್ಜಿಗೆಲಿ ಹಾಕ್ಕೊಂಡು ಕುಡಿದ್ರು, ಕಹಿ ಅಂದ್ರೆ ಕಹಿ. ಗ್ರಂದಿಗೆ ಅಂಗಡಿಲಿ ತರೋದಾದ್ರೆ ಇಡೀ ಗಿಡನೇ ಕೇಳಿ ತನ್ನಿ.

ಈಗ ಡಿಟಾಕ್ಸ್ ಡಬ್ಬಿ. ಕಂಪನಿ ಹೆಸರು ಬೇಡ, ಇಂಥವು ಹತ್ತಾರಿವೆ. ಇದೇ ನಾಲ್ಕರಲ್ಲಿ ಎಲ್ಲಕ್ಕಿಂತ ದುಬಾರಿ, ಸಾವಿರದ ಮೇಲೆ. ಹಿಂದೆ ಹದಿನೈದು ಗಿಡದ ಹೆಸರು, ಗ್ರೀನ್ ಟೀ ಸಾರ, ಅರಿಶಿನದ ಸಾರ, ಕರಿಮೆಣಸಿನ ಸಾರ, ಅಮೃತಬಳ್ಳಿ, ಇನ್ನೂ ಏನೇನೋ, ಎಲ್ಲಾ ಸೇರಿ ಇಷ್ಟು ಮಿಲಿಗ್ರಾಂ ಅಂತ ಒಂದೇ ಅಂಕಿ, ಯಾವುದು ಎಷ್ಟು ಅಂತ ಇಲ್ಲ. ಕಸ್ಟಮರ್ ಕೇರ್‌ಗೆ ಬರೆದು ಕೇಳಿದೆ, ನಮ್ಮ ಫಾರ್ಮುಲಾ ಹೊರಗೆ ಹೇಳಲ್ಲ ಅಂತ ಉತ್ತರ ಬಂತು. ಲಿವರ್‌ಗೆ ಅಂತ ಮಾರ್ತಿದ್ದೀರಾ, ಏನು ಎಷ್ಟು ಹಾಕಿದ್ದೀರಾ ಅಂತ ಹೇಳಲ್ಲ ಅಂದ್ರೆ ಹೇಗೆ? ಅದರಲ್ಲಿರೋದ್ರಲ್ಲಿ ಮೂರು ಲಿವರ್‌ಗೇ ಪೆಟ್ಟು ಕೊಡಬಲ್ಲವು. ಗ್ರೀನ್ ಟೀ ಸಾರದಲ್ಲಿರೋ ಇಜಿಸಿಜಿ ಅನ್ನೋ ಅಂಶ ಸಪ್ಲಿಮೆಂಟಲ್ಲಿ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದ್ರೆ ಲಿವರ್ ಎನ್‌ಜೈಮ್ ಏರಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ. ಅಮೃತಬಳ್ಳಿ ಕೋವಿಡ್ ಟೈಮಲ್ಲಿ ಎಲ್ರೂ ಕಷಾಯ ಮಾಡಿ ಕುಡಿದ್ವಲ್ಲ, ಅದರಿಂದ ಹೆಪಟೈಟಿಸ್ ಆದ ಆರು ಜನರ ಬಗ್ಗೆ ಮುಂಬೈ ಡಾಕ್ಟರ್‌ಗಳು 2021ರಲ್ಲಿ ಬರೆದ್ರು, ಆಮೇಲೆ ದೇಶದ ಬೇರೆ ಬೇರೆ ಆಸ್ಪತ್ರೆಗಳಿಂದ ಇನ್ನೂ ಕೇಸ್ ಬಂದ್ವು.

ಮೂರನೇದು ಅರಿಶಿನ ಅಂದ್ರೆ ಎಲ್ರೂ ಬೆಚ್ಚಿಬೀಳ್ತಾರೆ, ಅಡುಗೆಗೆ ಹಾಕೋ ಅರಿಶಿನಕ್ಕೆ ಹೆದರೋದೇನೂ ಬೇಡ, ಅದರಲ್ಲಿರೋ ಕರ್ಕ್ಯುಮಿನ್ ಮೈಗೆ ಹತ್ತೋದೇ ಕಮ್ಮಿ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನೋರೇ ತೋರಿಸಿದ್ದು, ಕರಿಮೆಣಸಿನ ಪೈಪರಿನ್ ಜೊತೆ ಕೊಟ್ರೆ ಮನುಷ್ಯರಲ್ಲಿ ಅದು ಇಪ್ಪತ್ತು ಪಟ್ಟು ಹೀರ್ಕೊಳ್ಳುತ್ತೆ ಅಂತ. ಆವತ್ತಿಂದ ಪ್ರಪಂಚದ ಅರಿಶಿನ ಕ್ಯಾಪ್ಸೂಲ್‌ಗಳಿಗೆಲ್ಲಾ ಮೆಣಸು ಸೇರ್ಕೊಳ್ತು. ಹೀರ್ಕೊಳೋದು ಜಾಸ್ತಿ ಆದ್ಮೇಲೆ ಕೆಲವರಿಗೆ ಲಿವರ್ ಊತ ಬಂದ ಕೇಸ್‌ಗಳೂ ಬಂದಿವೆ, ಅಮೆರಿಕಾದಲ್ಲಿ, ಇಟಲಿಲಿ. ಅಡುಗೆಮನೆ ವಸ್ತು ಅಂತ ಕ್ಯಾಪ್ಸೂಲನ್ನೂ ಅದೇ ಧೈರ್ಯದಲ್ಲಿ ನುಂಗಬೇಡಿ. ಡಾಕ್ಟರ್ ಆ ಡಬ್ಬಿ ಓದಿ ಇದು ಬೇಡ ಅಂದ್ರು, ನಾವು ವಾಪಸ್ ಕಳ್ಸಿದ್ವಿ.

ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ ಹದಿನಾಲ್ಕು ಅಂಕಿ ನಂಬರ್ ಇದ್ರೆ ಅದು ಆಹಾರದ ಲೈಸೆನ್ಸು, ಔಷಧಿದಲ್ಲ, ಔಷಧಿಯಾಗಿ ಬಳಸೋಕಲ್ಲ ಅಂತ ಸಣ್ಣಕ್ಷರದಲ್ಲಿ ಅಲ್ಲೇ ಬರ್ದಿರುತ್ತೆ. ಆಯುರ್ವೇದ ಔಷಧಿಗೆ ಬೇರೆ ಲೈಸೆನ್ಸ್. ಆರೋಗ್ಯವರ್ಧಿನಿ ವಟಿ ಅನ್ನೋ ಆಯುರ್ವೇದ ಮಾತ್ರೆನೂ ಕೆಲವರು ಗಿಡಮೂಲಿಕೆ ಅಂತ ತಾವೇ ತಗೋತಾರೆ, ಅದರಲ್ಲಿ ಕಟುಕರೋಹಿಣಿ ಜೊತೆ ಪಾದರಸ, ತಾಮ್ರದ ಭಸ್ಮ ಇದೆ, ವೈದ್ಯರು ಹೇಳದೆ ಮುಟ್ಟಬೇಡಿ.

ಇವರ ಎಸ್‌ಜಿಪಿಟಿ ಈಗ ನಲವತ್ತರ ಆಸುಪಾಸಿಗೆ ಇಳಿದಿದೆ. ಯಾವ ಮಾತ್ರೆಯಿಂದ ಅಂತ ಕೇಳಿದ್ರೆ ನಾನು ಕ್ರೆಡಿಟ್ ಮಾತ್ರೆಗೆ ಕೊಡಲ್ಲ, ಯಾಕಂದ್ರೆ ಇದೇ ಸಮಯದಲ್ಲಿ ಇವರು ರಾತ್ರಿ ಅನ್ನ ಕಮ್ಮಿ ಮಾಡಿದ್ರು, ಬೇಕರಿ ತಿಂಡಿ, ಜ್ಯೂಸ್ ಬಿಟ್ರು, ದಿನಾ ನಡಿಯೋಕೆ ಶುರು ಮಾಡಿದ್ರು. ತೂಕದಲ್ಲಿ ಐದು ಪರ್ಸೆಂಟ್ ಇಳಿದ್ರೆ ಲಿವರಿನ ಕೊಬ್ಬು ಕರಗುತ್ತೆ, ಏಳರಿಂದ ಹತ್ತು ಪರ್ಸೆಂಟ್ ಇಳಿದ್ರೆ ಉರಿಯೂತಾನೂ ಕಮ್ಮಿ ಆಗುತ್ತೆ ಅಂತ ಡಾಕ್ಟರ್ ಹೇಳಿದ್ರು, ಎಂಬತ್ತು ಕೆಜಿ ಇರೋರಿಗೆ ಮೊದಲ ಗುರಿ ನಾಲ್ಕು ಕೆಜಿ. ಮುಂದಿನ ಸ್ಕ್ಯಾನ್ ತನಕ ಸಿಲಿಮರಿನ್ ಮುಂದುವರಿಸಿ ಅಂದಿದ್ದಾರೆ, ಮುಂದುವರಿಸ್ತಿದ್ದೀವಿ, ಲಿವ್.52 ನಿಲ್ಲಿಸಿದ್ದೀವಿ, ಎರಡೂ ಒಟ್ಟಿಗೆ ಬೇಕಿಲ್ಲ. ಟಿಬಿ ಮಾತ್ರೆ ತಗೊಳೋರು, ಗರ್ಭಿಣಿಯರು, ಮೂತ್ರ ಕಡು ಹಳದಿ ಆಗಿ ಕಣ್ಣು ಹಳದಿ ಆದೋರು ಈ ನಾಲ್ಕರಲ್ಲಿ ಯಾವುದನ್ನೂ ತಾವಾಗೇ ಶುರು ಮಾಡ್ಬೇಡಿ, ನೇರ ಆಸ್ಪತ್ರೆಗೆ ಹೋಗಿ, ಈಗಾಗ್ಲೇ ಏನಾದ್ರೂ ತಗೋತಿದ್ರೆ ಆ ಡಬ್ಬಿನೂ ಜೊತೇಲಿ ತಗೊಂಡು ಹೋಗಿ ತೋರಿಸಿ.

ಡಿಟಾಕ್ಸ್ ಡಬ್ಬಿಯ ದುಡ್ಡು ವಾಪಸ್ ಬಂದಾಗ ಮನೆಯೋರೆಲ್ಲಾ ಹೆಪಟೈಟಿಸ್ ಬಿ ಟೆಸ್ಟ್ ಮಾಡಿಸಿದ್ವಿ, ಎಲ್ರದ್ದೂ ನೆಗೆಟಿವ್ ಬಂತು. ದೊಡ್ಡೋರು ಯಾರೂ ಮೊದಲು ಲಸಿಕೆ ಹಾಕ್ಸಿರ್ಲಿಲ್ಲ, ಮೂರು ಡೋಸ್, ಮೊದಲನೇದು ಆಗಿ ಒಂದು ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು. ಶುರು ಮಾಡಿದ್ದೀವಿ.